ರುದ್ರಪ್ಪನ ರಸ್ತೆ ಅಗಲೀಕರಣ

ತ್ರಿಪ್ಪುಣಿತ್ತುರದ ಆ ಓಣಿಯನ್ನು ಅಗಲ ಮಾಡಬೇಕೆಂದು ಸರ್ಕಾರ ಎಂದೂ ಯೋಚಿಸಿರಲಿಲ್ಲ. ಯೋಚಿಸಿದವನು ರಾಣೆಬೆನ್ನೂರಿನ ರುದ್ರಪ್ಪ. ಯೋಚಿಸಿದ್ದಷ್ಟೇ ಅಲ್ಲ, ಒಂದು ಶನಿವಾರ ಊಟಕ್ಕೂ ಚಹಾಕ್ಕೂ ನಡುವೆ ಆ ಕೆಲಸವನ್ನು ಮುಗಿಸಿಯೂ ಬಿಟ್ಟಿದ್ದ. ಅದರಲ್ಲಿ ಅವನ ದುರುದ್ದೇಶವೇನೂ ಇರಲಿಲ್ಲ. ಬಸ್ಸು ತಿರುಗುತ್ತಿರಲಿಲ್ಲ, ಅಷ್ಟೆ.

ರುದ್ರಪ್ಪನಿಗೆ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಹಗಲೆಲ್ಲ ಬೇರೆಯವರ ತಪ್ಪು ಹುಡುಕಿ ಬೇಸತ್ತವನು ಸಂಜೆ ತನ್ನದೇ ತಪ್ಪುಗಳನ್ನು ಮಾಡಲು ಆಸೆಪಡುವುದು ಸಹಜ. ಹೆಂಡತಿ ವಾಸಂತಿಯೊಂದಿಗೆ ಅವನು ಕಮಲಾಕ್ಷಿಯಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಕಮಲಾಕ್ಷಿಯಮ್ಮ ಕಾಸರಗೋಡಿನ ಕಡೆಯವರು. ಮದುವೆಯಾಗಿ ಈ ಊರಿಗೆ ಬಂದು ತಲೆ ಬೆಳ್ಳಗಾದರೂ ಮನೆಯೊಳಗೆ ಕನ್ನಡ ಬಿಟ್ಟಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಮನೆಯೊಳಗೆ ಕನ್ನಡ ಕೇಳುವವರೇ ಇಲ್ಲವಾದ್ದರಿಂದ ಮಹಡಿಯನ್ನು ಕನ್ನಡದವರಿಗೇ ಕೊಡುವುದೆಂದು ಹಟ ಹಿಡಿದು ಕೊಟ್ಟಿದ್ದರು. ಓಣಿಯಲ್ಲಿ ರುದ್ರಪ್ಪನ ಕನ್ನಡ ಅರ್ಥವಾಗುತ್ತಿದ್ದುದು ಅವರೊಬ್ಬರಿಗೇ. ಅನರ್ಥವಾದದ್ದೂ ಅವರೊಬ್ಬರಿಂದಲೇ.

ನಾಲ್ಕು ವರ್ಷವಾದರೂ ರುದ್ರಪ್ಪನ ನಾಲಿಗೆಗೆ ಮಲಯಾಳ ಹತ್ತಿರಲಿಲ್ಲ. ಅವನಿಗೆ ತಡವರಿಸದೆ ಬರುತ್ತಿದ್ದುದು 'ಶರಿ, ಶರಿ' ಎಂಬುದೊಂದೇ. ಸರಿ ಎಂಬ ಅರ್ಥದ ಈ ಮಾತನ್ನು ಅವನು ಹಾಲಿನವನಿಗೂ ಹೇಳುತ್ತಿದ್ದ, ಗ್ಯಾಸಿನವನಿಗೂ ಹೇಳುತ್ತಿದ್ದ, ಒಮ್ಮೆ ಮನೆ ತಪ್ಪಿ ಬಂದು ಯಾರೋ ತೀರಿಕೊಂಡ ಸುದ್ದಿ ಹೇಳಿದವನಿಗೂ ಹೇಳಿದ್ದ. ಮಾತು ಬಾರದ ಮನುಷ್ಯನಿಗೆ ಜನರಿಗಿಂತ ಗೋಡೆಗಳ ಪರಿಚಯ ಜಾಸ್ತಿಯಾಗುತ್ತದೆ. ಸಂಜೆ ಅಡ್ಡಾಡಲು ಹೋದಾಗ ಅವನು ಗೇಟುಗಳನ್ನು, ಟ್ರಾನ್ಸ್‌ಫಾರ್ಮರನ್ನು, ಗೋಡೆಯ ಮೇಲಿನ ಪಾಚಿಯನ್ನು ನೋಡುತ್ತ ಹೋಗುತ್ತಿದ್ದ. ಅವುಗಳಿಗೆ ಶರಿ ಎನ್ನುವ ಅಗತ್ಯವಿರಲಿಲ್ಲ.

ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಒಂದು ಆಟವುಂಟು. ಆಟವನ್ನು ಯಾವುದೋ ದೇಶದ ಕಂಪನಿ ಮಾಡಿದೆ. ಆದರೆ ಆಡುವವರು ತಮಗೆ ಬೇಕಾದ ಬಸ್ಸನ್ನು, ಊರನ್ನು, ರಸ್ತೆಯನ್ನು ತಾವೇ ತಯಾರಿಸಿ ಅದರೊಳಗೆ ಸೇರಿಸಬಹುದು. ಹೀಗೆ ಸೇರಿಸುವುದಕ್ಕೆ ಮಾಡ್ ಎನ್ನುತ್ತಾರೆ. ರುದ್ರಪ್ಪ ತನ್ನ ಓಣಿಯನ್ನು ಮಾಡ್ ಮಾಡಿದ. ಟೇಪು ಹಿಡಿದು ಅಳೆದ, ಮೊಬೈಲಿನಲ್ಲಿ ಗೋಡೆಗೋಡೆಯ ಚಿತ್ರ ತೆಗೆದ, ಮಳೆಗಾಲವೊಂದನ್ನು ಪೂರ್ತಿ ಅದಕ್ಕೇ ಕಳೆದ. ನಿಮ್ಮವರು ಮೇಲೆ ಏನು ಮಾಡುತ್ತಾರೆಂದು ಕಮಲಾಕ್ಷಿಯಮ್ಮ ಕೇಳಿದಾಗ ವಾಸಂತಿ, ಮಾಡ್ ಮಾಡುತ್ತಾರೆ ಎಂದಿದ್ದಳು. ಕಾಸರಗೋಡಿನ ಕಡೆ ಮಾಡು ಎಂದರೆ ಮನೆಯ ಸೂರು. ಹಾಗಾದರೆ ಬಿಡುವಿದ್ದಾಗ ತಮ್ಮ ಹಿಂದಿನ ಮಾಡನ್ನೂ ಸ್ವಲ್ಪ ನೋಡಲಿ, ಹೆಂಚು ಜಾರಿದೆ ಎಂದು ಕಮಲಾಕ್ಷಿಯಮ್ಮ ಹೇಳಿ ಕಳಿಸಿದ್ದರು.

ಓಣಿ ತಯಾರಾಯಿತು. ಆದರೆ ಮೂಲೆಯಲ್ಲಿ ಬಸ್ಸು ತಿರುಗಲಿಲ್ಲ. ನಿಜವಾದ ಓಣಿಯಲ್ಲಿ ಆಟೋ ತಿರುಗುವುದೇ ಕಷ್ಟವಿರುವಾಗ ಬಸ್ಸಿನದೇನು ತಪ್ಪು? ಕಮಲಾಕ್ಷಿಯಮ್ಮನವರ ಗೇಟಿನ ಪಕ್ಕದ ಹಲಸಿನ ಮರ ಒಂದು ಕಡೆ, ಎದುರಿಗೆ ಮೇರಿ ಟೀಚರ್ ಮನೆಯ ಕಾಂಪೌಂಡು ಇನ್ನೊಂದು ಕಡೆ. ರುದ್ರಪ್ಪ ಮರವನ್ನು ಅಳಿಸಿದ, ಕಾಂಪೌಂಡನ್ನು ಒಡೆದ, ಮರವಿದ್ದ ಜಾಗದಲ್ಲಿ ಒಂದು ಬಸ್ ಸ್ಟಾಪು ಕೂರಿಸಿದ. ಬಸ್ಸು ಎಣ್ಣೆ ಹಚ್ಚಿದಂತೆ ತಿರುಗಿತು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ತೆಗೆದುಕೊಳ್ಳಲಿ ಎಂದು ಹಾಕಿದ.

ಅಲ್ಲಿಗೆ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆಟವಾಡಿದ ಯಾರೋ ಒಬ್ಬರು, ಸಾರ್, ನಿಮ್ಮ ರಸ್ತೆ ನಿಜವಾದ ರಸ್ತೆಗಿಂತ ಚೆನ್ನಾಗಿದೆ ಎಂದು ಬರೆದರು. ಅದನ್ನು ಓದಿದ ದಿನದಿಂದ ರುದ್ರಪ್ಪನ ನಡಿಗೆ ಬದಲಾಯಿತು. ಆಫೀಸಿನ ಕ್ಯಾಂಟೀನಿನಲ್ಲಿ ಭಟ್ಕಳದ ಇರ್ಫಾನ್ ಎಂಬ ಸಹೋದ್ಯೋಗಿ ಬೆಂಕಿಗೆ ತುಪ್ಪ ಸುರಿದ: ಇಷ್ಟೊಂದು ಜನ ನಿನ್ನ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದಾರೆ, ನೀನು ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ ಎಂದರೆ ನಿನ್ನ ಕೆಲಸಕ್ಕೆ ನೀನೇ ಬೆಲೆ ಕೊಡುವುದಿಲ್ಲ ಎಂದಾಯಿತು. ರುದ್ರಪ್ಪ ಆ ಸಂಜೆಯೇ ತನ್ನ ಮಾಡಿಗೆ ನಲವತ್ತೊಂಬತ್ತು ರೂಪಾಯಿ ಬೆಲೆ ಕಟ್ಟಿದ.

ಪುಕ್ಕಟೆ ಸಿಕ್ಕಾಗ ಕಾಣದ ದೋಷಗಳು ನಲವತ್ತೊಂಬತ್ತು ರೂಪಾಯಿಗೆ ಕಾಣತೊಡಗಿದವು. ಟ್ರಾನ್ಸ್‌ಫಾರ್ಮರಿನ ಬಣ್ಣ ಸರಿಯಿಲ್ಲ ಎಂದರು ಕೆಲವರು. ಕಂಪನಿಯ ಆಟದ ಮೇಲೆ ಕೂತು ನೀನು ದುಡ್ಡು ಮಾಡುವುದು ನ್ಯಾಯವೇ ಎಂದರು ಕೆಲವರು. ಪ್ರೀತಿಯಿಂದ ಮಾಡಿದ ರಸ್ತೆಗೆ ಟೋಲ್ ಗೇಟ್ ಹಾಕಿದ್ದೀ ಎಂದು ಒಬ್ಬ ಬರೆದದ್ದು ರುದ್ರಪ್ಪನ ಎದೆಗೆ ನಾಟಿತು. ಅವನು ಬಾಲ್ಕನಿಗೆ ಬಂದು ಇರ್ಫಾನನಿಗೆ ಫೋನು ಮಾಡಿದ. ಸಿಟ್ಟು ಬಂದಾಗ ರುದ್ರಪ್ಪನ ದನಿ ರಾಣೆಬೆನ್ನೂರಿನ ಸಂತೆಗೆ ತಕ್ಕಷ್ಟು ಏರುತ್ತಿತ್ತು.

"ರಸ್ತಾ ಅಗಲ ಮಾಡಿದಾಂವ ನಾನು. ಕಮಲಾಕ್ಷಮ್ಮನ ಹಲಸಿನ ಮರ ತಗದೀನಿ, ಟೀಚರ್ ಗ್ವಾಡಿ ಕೆಡವೀನಿ. ಇಷ್ಟೆಲ್ಲಾ ಮಾಡಿದ ಮ್ಯಾಲೆ ರೊಕ್ಕ ಯಾಕ ತಗೋಬಾರ್ದು? ಟೋಲ್ ಹಾಕೀನಂತ ಬೈತಾರ, ಬೈಲಿ. ತಿರುವನಂತಪುರದಾಗ ಎಲ್ಲಾರೂ ಒಪ್ಯಾರ, ಬರೂ ವಾರ ಅಲ್ಲಿಗೇ ಹೊಂಟೀನಿ."

ಕೆಳಗೆ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದ ಕಮಲಾಕ್ಷಿಯಮ್ಮನವರ ಕೈಯಿಂದ ಚೊಂಬು ಬಿತ್ತು.

ನೇರವಾಗಿ ಕೇಳಿಬಿಡಬಹುದಿತ್ತು. ಆದರೆ ಲಂಚ ತಿಂದವನನ್ನು ಲಂಚ ತಿಂದೆಯಾ ಎಂದು ಕೇಳುವುದು ದಡ್ಡತನ ಎಂದು ಅವರಿಗೆ ಅನ್ನಿಸಿತು. ಪತ್ತೇದಾರರಂತೆ ವಾಸಂತಿಯನ್ನು ಒಳಗೆ ಕರೆದು, ಕಾಫಿ ಕೊಟ್ಟು, ಸುತ್ತಿ ಬಳಸಿ ವಿಷಯಕ್ಕೆ ಬಂದರು. ಗಂಡನ ಕೆಲಸದಲ್ಲಿ ಆಸಕ್ತಿಯಿಲ್ಲದ ವಾಸಂತಿ ಸತ್ಯವನ್ನೇ ಹೇಳಿದಳು: "ಯಾವುದೋ ರಸ್ತಾ ಮಾಡ್ತಾರ್ರಿ. ಇಷ್ಟು ದಿನಾ ಪುಕ್ಕಟೆ ಮಾಡ್ತಿದ್ರು. ಈಗ ರೊಕ್ಕ ತಗೋಳಾಕ ಹತ್ಯಾರ."

ಇನ್ನು ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ಕಮಲಾಕ್ಷಿಯಮ್ಮ ಚಪ್ಪಲಿ ಮೆಟ್ಟಿ ಎದುರು ಮನೆಗೆ ಹೋದರು. ಮೇರಿ ಟೀಚರ್ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು, ಓಣಿಯ ನಿವಾಸಿಗಳ ಅಸೋಸಿಯೇಷನ್ನಿಗೆ ಕಾರ್ಯದರ್ಶಿ. ಅವರು ಗಣಿತದವರಾದ್ದರಿಂದ ಕೊಟ್ಟದ್ದನ್ನೆಲ್ಲ ಕೂಡಿಸಿದರು. ಈ ಮನುಷ್ಯ ಮಳೆಗಾಲದಲ್ಲಿ ಟೇಪು ಹಿಡಿದು ಓಣಿ ಅಳೆದದ್ದು ಅವರಿಗೆ ನೆನಪಿತ್ತು. ತಮ್ಮ ಗೋಡೆಯ ಚಿತ್ರ ತೆಗೆದದ್ದೂ ನೆನಪಿತ್ತು. ಏಕೆಂದು ಕೇಳಿದ್ದಕ್ಕೆ ಶರಿ, ಶರಿ ಎಂದು ನಕ್ಕಿದ್ದ. ಆ ನಗೆಯ ಅರ್ಥ ಈಗ ತಿಳಿಯಿತು. ಅಸೋಸಿಯೇಷನ್ನಿನ ತುರ್ತು ಸಭೆ ಸೇರಿತು. ರಸ್ತೆ ಅಗಲೀಕರಣ ಗುಟ್ಟಾಗಿ ಮಂಜೂರಾಗಿದೆ, ಮಹಡಿಯ ರುದ್ರಪ್ಪ ಅದರ ಒಳಗಿನ ಮನುಷ್ಯ, ಮುಗಿದ ಮೇಲೆ ಟೋಲ್ ಗೇಟ್ ಬರುವುದು ಕಮಲಾಕ್ಷಿಯಮ್ಮನವರ ಗೇಟಿನ ಎದುರಿಗೆ ಎಂಬ ಮೂರು ವಿಷಯಗಳಲ್ಲಿ ಒಮ್ಮತ ಮೂಡಿತು. ಟೋಲ್ ಆದರೆ ಸ್ಥಳೀಯರಿಗೆ ಪಾಸು ಕೊಡುತ್ತಾರೋ ಇಲ್ಲವೋ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು.

ಎಲ್ಲರೂ ಸೇರಿ ಹೋರಾಡಬೇಕೆಂದು ಸಭೆ ತೀರ್ಮಾನಿಸಿತು. ತೀರ್ಮಾನಿಸಿ ಮನೆಗೆ ಹೋದ ಮೇಲೆ, ತಮ್ಮ ತಮ್ಮ ಜಾಗವನ್ನು ಉಳಿಸಿಕೊಳ್ಳುವುದು ಹೇಗೆಂದು ಒಬ್ಬೊಬ್ಬರೇ ಯೋಚಿಸತೊಡಗಿದರು.

ಮರುದಿನ ರುದ್ರಪ್ಪನ ಮನೆಗೆ ಬಾಳೆ ಎಲೆಯಲ್ಲಿ ಸುತ್ತಿ ಸುಟ್ಟ ಕರಿಮೀನು ಬಂತು. ಕಳಿಸಿದವರು ಓಣಿಯ ಕೊನೆಮನೆಯ ಈಶ್ವರ ಪಿಳ್ಳೆ, ಏಲೂರಿನ ಗೊಬ್ಬರದ ಕಾರ್ಖಾನೆಯಿಂದ ನಿವೃತ್ತರಾದವರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ವಾಸಂತಿ ಎಲೆ ಬಿಡಿಸಿ ನೋಡಿ, ಮೀನಿನ ಕಣ್ಣಿಗೆ ಕಣ್ಣು ಕೊಡಲಾರದೆ, ಮೊದಲಿನಂತೆ ಸುತ್ತಿ ಮೇರಿ ಟೀಚರ್ ಮನೆಗೆ ಕೊಟ್ಟು ಬಂದಳು. ಮಸಾಲೆಯ ರುಚಿಯಿಂದಲೇ ಅದು ಪಿಳ್ಳೆಯವರ ಮನೆಯದೆಂದು ಗುರುತಿಸಿದ ಟೀಚರ್, ಪಿಳ್ಳೆ ತಮಗಿಂತ ಮುಂದೆ ಹೋದರೆಂದು ಕಳವಳಪಟ್ಟು, ಮೀನು ತಿಂದು ಮುಗಿಸಿ, ಒಂದು ಪ್ಲಮ್ ಕೇಕ್ ಹಿಡಿದು ಮಹಡಿ ಹತ್ತಿದರು.

ರುದ್ರಪ್ಪನಿಗೆ ಆಶ್ಚರ್ಯವಾಗಲಿಲ್ಲ. ತನ್ನ ಮಾಡಿನ ಸುದ್ದಿ ಓಣಿಗೂ ಹಬ್ಬಿದೆ, ಇವರೆಲ್ಲ ಅಭಿಮಾನಿಗಳು ಎಂದುಕೊಂಡ. ಕಲಾವಿದನಿಗೆ ಇಂಥ ಕಾಲ ಬರುತ್ತದೆಂದು ಅವನು ಎಂದೋ ನಿರೀಕ್ಷಿಸಿದ್ದ. ಟೀಚರ್ ನಿಧಾನವಾದ ಇಂಗ್ಲಿಷಿನಲ್ಲಿ, ನೀವು ಮಾಡಿದ ರಸ್ತೆಯ ವಿಷಯ ನಮಗೆಲ್ಲ ಗೊತ್ತಾಗಿದೆ ಎಂದರು. ರುದ್ರಪ್ಪ ವಿನಯದಿಂದ ತಲೆ ಬಾಗಿಸಿದ. ತಮ್ಮ ಕಾಂಪೌಂಡು ಹೋಗಿದೆಯಂತಲ್ಲ ಎಂದರು. ಹೌದು, ಬಸ್ಸಿಗೆ ಅಡ್ಡವಾಗಿತ್ತು ಎಂದ. ಅದನ್ನು ಉಳಿಸಲು ಏನಾದರೂ ಸಾಧ್ಯವೇ ಎಂದು ಕೇಳುತ್ತ ಟೀಚರ್ ಕೇಕನ್ನು ಅವನತ್ತ ಸರಿಸಿದರು.

ರುದ್ರಪ್ಪನಿಗೆ ಪಾಪ ಅನ್ನಿಸಿತು. ಊಟವಾದ ಮೇಲೆ ಕೂತರೆ ಅರ್ಧ ಗಂಟೆಯ ಕೆಲಸ, ನಾಳೆಯೊಳಗೆ ನಿಮ್ಮ ಗೋಡೆ ಮೊದಲಿದ್ದಂತೆ ಇರುತ್ತದೆ, ನೆರೆಹೊರೆಯವರ ಹತ್ತಿರ ನಾನು ಹಣ ಕೇಳುವುದಿಲ್ಲ ಎಂದ. ಟೀಚರ್ ಮಹಡಿ ಇಳಿಯುವಾಗ ಎರಡು ಸಲ ಮೆಟ್ಟಿಲು ತಪ್ಪಿದರು. ಸರ್ಕಾರದ ರಸ್ತೆಯನ್ನು ಅರ್ಧ ಗಂಟೆಯಲ್ಲಿ ಸರಿಸಬಲ್ಲ ಮನುಷ್ಯ ತಮ್ಮ ಎದುರು ಮನೆಯಲ್ಲಿ ಬನಿಯನ್ನು ಹಾಕಿಕೊಂಡು ಕೂತಿದ್ದಾನೆಂದು ಅವರಿಗೆ ಅದುವರೆಗೆ ತಿಳಿದಿರಲಿಲ್ಲ.

ಸಂಜೆಯೊಳಗೆ ಈಶ್ವರ ಪಿಳ್ಳೆಯವರು ಬಂದರು. ಟೀಚರ್ ಗೋಡೆ ಉಳಿದರೆ ರಸ್ತೆ ಎತ್ತ ಹೋಗುತ್ತದೆಂದು ಅವರೂ ಇಂಗ್ಲಿಷಿನಲ್ಲೇ ಕೇಳಿದರು. ರುದ್ರಪ್ಪ ಪ್ರಾಮಾಣಿಕವಾಗಿ ಯೋಚಿಸಿ, ಹಾಗಾದರೆ ಬಸ್ಸನ್ನು ಓಣಿಯ ಕೊನೆಯವರೆಗೆ ಒಯ್ದು ನಿಮ್ಮ ಕಾರ್ ಶೆಡ್ಡಿನೊಳಗಿಂದ ತಿರುಗಿಸಬೇಕಾಗುತ್ತದೆ ಎಂದ. ಪಿಳ್ಳೆಯವರು ನೀರು ಕೇಳಿದರು. ನೀರು ಕುಡಿದು, ಅತ್ತ ಇತ್ತ ನೋಡಿ, ಅಂಗಿಯ ಜೇಬಿಗೆ ಕೈ ಹಾಕಿ, ಏನಾದರೂ ಕೊಟ್ಟರೆ ಅನುಕೂಲವಾದೀತೆ ಎಂದು ಮೆಲ್ಲಗೆ ಕೇಳಿದರು.

ಸ್ವಂತ ಇಚ್ಛೆಯಿಂದ ಹಣ ಕೊಡಬಂದ ಮೊದಲ ರಸಿಕ ಇವರೇ. ರುದ್ರಪ್ಪನ ಕಣ್ಣು ತುಂಬಿ ಬಂತು. ನಗದು ಬೇಡ, ನನ್ನ ಪುಟದಲ್ಲಿ ಕ್ಯೂಆರ್ ಕೋಡ್ ಇದೆ, ಅದಕ್ಕೇ ಹಾಕಿ ಎಂದ. ಎಷ್ಟು ಎಂದರು ಪಿಳ್ಳೆ. ನಲವತ್ತೊಂಬತ್ತು ಎಂದ ರುದ್ರಪ್ಪ. ಪಿಳ್ಳೆಯವರು ಮನಸ್ಸಿನಲ್ಲೇ ಅದರ ಮುಂದೆ 'ಸಾವಿರ' ಸೇರಿಸಿಕೊಂಡು, ಬ್ಯಾಂಕಿನಲ್ಲಿ ಇಟ್ಟದ್ದನ್ನು ಬಿಡಿಸಬೇಕು, ಸ್ವಲ್ಪ ಸಮಯ ಕೊಡಿ ಎಂದರು. ನಲವತ್ತೊಂಬತ್ತು ರೂಪಾಯಿಗೆ ಇಷ್ಟು ಒದ್ದಾಡುವ ಮನುಷ್ಯ ಕಲೆಯನ್ನು ಎಷ್ಟು ಪ್ರೀತಿಸುತ್ತಿರಬೇಕೆಂದು ರುದ್ರಪ್ಪ ಬೆರಗಾದ. ಶರಿ, ಶರಿ ಎಂದ.

ಬಹಿರಂಗವಾಗಿ, ಕೋಡ್ ಇಟ್ಟು, ಲಂಚ ತೆಗೆದುಕೊಳ್ಳುವ ಮಟ್ಟಕ್ಕೆ ಕಾಲ ಬಂತೆಂದು ಪಿಳ್ಳೆಯವರು ಓಣಿಯಲ್ಲೆಲ್ಲ ಹೇಳಿದರು. ಆದರೆ ದರ ಮಾತ್ರ ನ್ಯಾಯವಾಗಿದೆ ಎಂದೂ ಸೇರಿಸಿದರು.

ಕಮಲಾಕ್ಷಿಯಮ್ಮ ಉಳಿದವರ ಹಾಗೆ ಕೇಳಲು ಹೋಗಲಿಲ್ಲ. ತಮ್ಮ ಮರಕ್ಕಾಗಿ ಬಾಡಿಗೆಯವನ ಕಾಲು ಹಿಡಿಯುವುದೇ? ಹಲಸು ಹಣ್ಣಾದಾಗ ಓಣಿಯ ಪ್ರತಿ ಮನೆಗೂ ತೊಳೆ ಬಿಡಿಸಿ ಕಳಿಸಿದವರು ಅವರು. ಈಗ ಆ ಮನೆಗಳೆಲ್ಲ ತಮ್ಮ ತಮ್ಮ ಗೋಡೆಯ ಚಿಂತೆಯಲ್ಲಿವೆ. ಅವರಿಗೆ ಮರಕ್ಕಿಂತ ಅದೇ ಹೆಚ್ಚು ನೋವಾಯಿತು. ತಿರುವನಂತಪುರಕ್ಕೇ ಹೋಗಿ ದೊಡ್ಡ ಅಧಿಕಾರಿಯನ್ನು ಕಂಡು ಕೇಳುತ್ತೇನೆ, ಬಂದ ಮೇಲೆ ಮಹಡಿ ಖಾಲಿ ಮಾಡಿಸುತ್ತೇನೆ ಎಂದು ನಿರ್ಧರಿಸಿದರು. ಗೋಡೆ ಉಳಿದರೂ ಮನಸ್ಸು ಚುಚ್ಚುತ್ತಿದ್ದ ಮೇರಿ ಟೀಚರ್, ನಾನೂ ಬರುತ್ತೇನೆ ಎಂದು ಜೊತೆಯಾದರು.

ಬೆಳಗಿನ ರೈಲಿಗೆ ಇಬ್ಬರೂ ತ್ರಿಪ್ಪುಣಿತ್ತುರದ ಪ್ಲಾಟ್‌ಫಾರ್ಮಿಗೆ ಬಂದರೆ, ಅಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ವಿಭೂತಿ ಇಟ್ಟುಕೊಂಡು ರುದ್ರಪ್ಪ ನಿಂತಿದ್ದ. ಅವನನ್ನು ಕಂಡದ್ದೇ ಇಬ್ಬರೂ ಬಾಳೆಹಣ್ಣಿನ ಗಾಡಿಯ ಹಿಂದೆ ಸರಿದರು. ಅಧಿಕಾರಿಯನ್ನು ಹುಡುಕುವ ಶ್ರಮವೇ ಬೇಡ, ಇವನ ಬೆನ್ನು ಹಿಡಿದರೆ ಇವನೇ ತೋರಿಸುತ್ತಾನೆ ಎಂದರು ಟೀಚರ್. ಒಂದೇ ರೈಲಿನಲ್ಲಿ, ಪಕ್ಕದ ಬೋಗಿಯಲ್ಲಿ ಕೂತು, ಪ್ರತಿ ನಿಲ್ದಾಣದಲ್ಲೂ ಅವನು ಇಳಿದನೋ ಎಂದು ಸರದಿಯ ಮೇಲೆ ಇಣುಕುತ್ತ, ಕೊಲ್ಲಂನಲ್ಲಿ ಅವನು ವಡೆ ಕೊಳ್ಳಲು ಇಳಿದಾಗ ತಾವೂ ಇಳಿದು ಮತ್ತೆ ಓಡಿ ಹತ್ತಿ, ತಿರುವನಂತಪುರ ತಲುಪಿದರು. ಅವನ ಆಟೋ ಪಾಳಯಂ ಕಡೆ ಹೊರಟಿತು. ಇವರ ಆಟೋ ಹಿಂದೆ. ಪಾಳಯಂ ಎಂದರೆ ಸುತ್ತಮುತ್ತ ಸರ್ಕಾರದ ಕಚೇರಿಗಳೇ. ಟೀಚರ್ ಕಮಲಾಕ್ಷಿಯಮ್ಮನವರ ಕೈ ಅದುಮಿದರು.

ಆದರೆ ರುದ್ರಪ್ಪ ಹೊಕ್ಕದ್ದು ಕಚೇರಿಯನ್ನಲ್ಲ, ಒಂದು ಸಣ್ಣ ಸಭಾಂಗಣವನ್ನು. ಒಳಗೆ ತುಂಬ ಹುಡುಗ ಹುಡುಗಿಯರು, ಬೆನ್ನಿಗೆ ಚೀಲ, ಕೈಯಲ್ಲಿ ಚಹಾ. ಆಟಗಳಿಗೆ ಮಾಡ್ ಮಾಡುವವರಿಗೆ ಹಣ ಸಲ್ಲಬೇಕೇ ಬೇಡವೇ ಎಂಬ ಚರ್ಚೆ ಅಂದು ಅಲ್ಲಿ ಏರ್ಪಾಡಾಗಿತ್ತು. ಏರ್ಪಡಿಸಿದವಳು ಆಯೇಷಾ, ಕಾಸರಗೋಡಿನಿಂದ ಬಂದು ಅಲ್ಲಿ ಓದುತ್ತಿದ್ದ ಹುಡುಗಿ. ತಿರುವನಂತಪುರದ ಬೀದಿಗಳನ್ನು ಅದೇ ಬಸ್ಸಿನ ಆಟಕ್ಕೆ ಅವಳೂ ಅವಳ ಗೆಳೆಯರೂ ಮಾಡ್ ಮಾಡಿದ್ದರು. ರುದ್ರಪ್ಪನ ಓಣಿಯನ್ನು ತಮ್ಮ ಊರಿಗೆ ಜೋಡಿಸಲು ಒಪ್ಪಿದ ತಿರುವನಂತಪುರದವರು ಇವರೇ. ಬಾಗಿಲಲ್ಲಿ ನಿಂತ ಇಬ್ಬರು ಹಿರಿಯ ಹೆಂಗಸರನ್ನು ಯಾರದೋ ಅಜ್ಜಿಯರೆಂದು ತಿಳಿದ ಸ್ವಯಂಸೇವಕರು ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಬಿಸ್ಕತ್ತು ಕೊಟ್ಟರು.

ರುದ್ರಪ್ಪ ವೇದಿಕೆ ಹತ್ತಿದ. ದೊಡ್ಡ ಪರದೆಯ ಮೇಲೆ ಅವನ ಓಣಿ ಬೆಳಗಿತು. ಕಮಲಾಕ್ಷಿಯಮ್ಮನವರ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ತಮ್ಮ ಗೇಟು, ತಮ್ಮ ಬಾವಿ, ಮಾಡಿನ ಮೇಲೆ ಜಾರಿದ ಹೆಂಚು ಸಹ. ಗೇಟಿನ ಪಕ್ಕದಲ್ಲಿ ಮರವಿರಲಿಲ್ಲ. ಬಸ್ ಸ್ಟಾಪಿತ್ತು.

ರುದ್ರಪ್ಪ ಇಂಗ್ಲಿಷಿನಲ್ಲಿ ತನ್ನ ವಾದವನ್ನು ಮಂಡಿಸಿದ: ಮಳೆಗಾಲವೆಲ್ಲ ಕೂತು ಮಾಡಿದ ಕೆಲಸ, ಸ್ವಲ್ಪವಾದರೂ ಪ್ರತಿಫಲ ಬೇಡವೇ. ಗಡ್ಡದ ಯುವಕನೊಬ್ಬ ಎದ್ದು ವಿರೋಧಿಸಿದ. ಆಟ ಕಂಪನಿಯದು, ನಾವು ಪ್ರೀತಿಗಾಗಿ ಅದರ ಮೇಲೆ ಕಟ್ಟುತ್ತೇವೆ. ಬೇರೆಯವರ ಜಾಗದಲ್ಲಿ ಕಟ್ಟಿ ಹಣ ಕೇಳಲು ನಮಗೆ ಯಾವ ಹಕ್ಕಿದೆ? ಇದನ್ನು ಅವನು ಮಲಯಾಳದಲ್ಲಿ ಕೇಳಿದ. ಅದು ರುದ್ರಪ್ಪನಿಗೆ ಪೂರ್ತಿ ಅರ್ಥವಾಗಲಿಲ್ಲ. ಹಿಂದಿನ ಸಾಲಿಗೆ ಪೂರ್ತಿ ಅರ್ಥವಾಯಿತು.

"ಅದು ನನ್ನ ಜಾಗ," ಎಂದು ಕನ್ನಡದಲ್ಲಿ ಹೇಳುತ್ತ ಕಮಲಾಕ್ಷಿಯಮ್ಮ ಎದ್ದು ನಿಂತರು. "ರುದ್ರಪ್ಪನವರೇ, ನನ್ನ ಮರ ಎಲ್ಲಿ?"

ರುದ್ರಪ್ಪ ಮೈಕಿನಲ್ಲೇ ಶರಿ ಎಂದ.

ಆಮೇಲೆ ಹತ್ತು ನಿಮಿಷ ಅಲ್ಲಿ ಮೂರು ಭಾಷೆಗಳು ಒಟ್ಟಿಗೆ ನಡೆದವು. ಟೀಚರ್ ಮಂಜೂರಾತಿಯ ಆದೇಶ ತೋರಿಸಿ ಎಂದು ಕೇಳಿದರು. ಗಡ್ಡದ ಯುವಕ, ತನ್ನ ವಾದಕ್ಕೆ ಜಾಗದ ಮಾಲೀಕರೇ ಬಂದು ನಿಂತದ್ದನ್ನು ನಂಬಲಾರದೆ ಕೈ ಮುಗಿದ. ರುದ್ರಪ್ಪ, ಕಮಲಾಕ್ಷಿಯಮ್ಮ ಟಿಕೆಟು ತೆಗೆದು ಇಷ್ಟು ದೂರ ತನ್ನ ಭಾಷಣ ಕೇಳಲು ಬಂದರೆಂದು ಒಂದು ಕ್ಷಣ ಭಾವಿಸಿದ್ದು ಸುಳ್ಳಲ್ಲ. ಕೊನೆಗೆ ಆಯೇಷಾ ವೇದಿಕೆಯಿಂದ ಇಳಿದು ಬಂದು, ತಮ್ಮ ಊರಿನ ಕನ್ನಡದಲ್ಲಿ ಮಾತಾಡಿಸಿದಳು.

"ಅಜ್ಜಿ, ಇದು ಆಟ. ಕಂಪ್ಯೂಟರಿನ ಒಳಗೆ ಮಾತ್ರ ಮರ ಇಲ್ಲ. ನಿಮ್ಮ ಮನೆಯಲ್ಲಿ ಉಂಟು."

"ನಿನಗೆ ಹೇಗೆ ಗೊತ್ತು? ನಾವು ಬಂದ ಮೇಲೆ ಕಡಿದಿದ್ದರೆ?"

ನ್ಯಾಯವಾದ ಪ್ರಶ್ನೆ. ಆಯೇಷಾ ರುದ್ರಪ್ಪನಿಂದ ವಾಸಂತಿಗೆ ಫೋನು ಹಚ್ಚಿಸಿ ಸ್ಪೀಕರಿಗೆ ಹಾಕಿದಳು. ಹಲಸಿನ ಮರ ಇದೆಯೇ, ಕಿಟಕಿಯಿಂದ ನೋಡಿ ಹೇಳು ಎಂದು ಕಮಲಾಕ್ಷಿಯಮ್ಮ ಅಪ್ಪಣೆ ಮಾಡಿದರು. ಅತ್ತ ಕಿಟಕಿ ತೆರೆದ ಸದ್ದು, ಪ್ರೆಶರ್ ಕುಕ್ಕರಿನ ಒಂದು ಸೀಟಿ.

"ಐತ್ರಿ ಅಮ್ಮ," ಎಂದಳು ವಾಸಂತಿ. "ಎರಡು ಕಾಗಿ ಕುಂತಾವ. ಯಾಕ, ಏನರ ಆತೇನ್ರಿ?"

ಆಯೇಷಾ ಅದನ್ನು ಮಲಯಾಳದಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕಮಲಾಕ್ಷಿಯಮ್ಮ ಕೂತರು. ಮೊದಲು ಅಳು ಬಂತು, ಅದು ಅರ್ಧ ದಾರಿಯಲ್ಲಿ ನಗೆಯಾಗಿ ತಿರುಗಿತು, ಟೀಚರ್ ಬೆನ್ನು ಸವರಿದರೂ ನಿಲ್ಲಲೇ ಇಲ್ಲ. ರುದ್ರಪ್ಪನಿಗೆ ಮೀನಿನ, ಕೇಕಿನ, ಪಿಳ್ಳೆಯವರ ಅರ್ಥ ಒಂದೊಂದಾಗಿ ಹೊಳೆಯುತ್ತ ಬಂದು, ಕಿವಿ ಕೆಂಪಾಯಿತು. ಅಭಿಮಾನಿಗಳು ಯಾರೂ ಇರಲಿಲ್ಲ.

ಮೇರಿ ಟೀಚರ್ ಅಷ್ಟರಲ್ಲಿ ಪರದೆಯ ಹತ್ತಿರ ಹೋಗಿ ನಿಂತಿದ್ದರು. ಮಾತಿಗೆ ತಪ್ಪದ ರುದ್ರಪ್ಪ ಅವರ ಗೋಡೆಯನ್ನು ಆ ರಾತ್ರಿಯೇ ಕಟ್ಟಿಕೊಟ್ಟಿದ್ದನಷ್ಟೆ. ಗೋಡೆಯ ಬುಡದಲ್ಲಿ ಪಾಚಿ ಹಿಡಿದಿತ್ತು, ನಿಜವಾದ ಗೋಡೆಯಲ್ಲಿ ಎಲ್ಲಿ ಹಿಡಿದಿತ್ತೋ ಅಲ್ಲೇ. ಗೇಟಿನ ಕಂಬದ ಮೇಲೆ ಸವೆದ ಹೆಸರಿನ ಅರ್ಧ ಅಕ್ಷರವೂ ಇತ್ತು. ಅವರ ಮಕ್ಕಳು ಕೂಡ ಆ ಗೋಡೆಯನ್ನು ಇಷ್ಟು ನೋಡಿರಲಿಲ್ಲ. ಟೀಚರ್ ತಿರುಗಿ ತರಗತಿಗೆ ಹೇಳುವಂತೆ ಹೇಳಿದರು: ಇಷ್ಟು ಚೆನ್ನಾಗಿ ಮಾಡಿದ್ದಕ್ಕೆ ಈತನಿಗೆ ಹಣ ಸಲ್ಲಬೇಕು, ನನ್ನ ಗೋಡೆಯನ್ನು ಕೇಳದೆ ಕೆಡವಿದ್ದಕ್ಕೆ ದಂಡ ಬೀಳಬೇಕು, ಎರಡೂ ಹೊಂದಿಕೆಯಾಗಿ ಸದ್ಯಕ್ಕೆ ಸೊನ್ನೆ. ಅಂದಿನ ಚರ್ಚೆಯಲ್ಲಿ ಎರಡು ಪಕ್ಷದವರೂ ಒಪ್ಪಿದ ಮಾತು ಇದೊಂದೇ.

ಮರಳುವ ರೈಲಿನಲ್ಲಿ ಮೂವರೂ ಒಂದೇ ಬೋಗಿಯಲ್ಲಿ ಕೂತರು. ಕೊಲ್ಲಂ ದಾಟಿದ ಮೇಲೆ ಕಮಲಾಕ್ಷಿಯಮ್ಮ ಕೇಳಿದರು.

"ಎಲ್ಲ ಸಮಾ ಉಂಟು. ಆದರೆ ನಿಮ್ಮ ಓಣಿಯಲ್ಲಿ ಒಬ್ಬ ಮನುಷ್ಯ ಇಲ್ಲ. ಅದು ಎಂತ ಓಣಿ?"

ರುದ್ರಪ್ಪ ಕಿಟಕಿಯಿಂದ ಅವರತ್ತ ತಿರುಗಿದ. "ಮಂದೀನ ಮಾಡೂದು ಭಾಳ ತ್ರಾಸ್ರಿ ಅಮ್ಮ. ಗ್ವಾಡಿ ಆದ್ರ ನಿಂತಲ್ಲೇ ನಿಂತಿರತದ. ಮಂದಿ ಜೋಡಿ ಮಾತಾಡಬೇಕಾಗತದ."

"ಮಾತಾಡಿ. ಯಾರು ಬೇಡ ಹೇಳಿದ್ದು?"

ಮಾರನೆಯ ಭಾನುವಾರದಿಂದ, ಆಟದ ಓಣಿಯಲ್ಲಿ ತಾವೂ ನಿಲ್ಲಬೇಕೆಂದು, ಓಣಿಯ ಜನರೆಲ್ಲ ಒಬ್ಬೊಬ್ಬರಾಗಿ ಮಹಡಿ ಹತ್ತತೊಡಗಿದರು. ಈ ಸಲ ಯಾರೂ ಪುಕ್ಕಟೆ ಕೇಳಲಿಲ್ಲ. ಅಸೋಸಿಯೇಷನ್ ಅದನ್ನು ಗೊತ್ತುವಳಿ ಮಾಡಿಯೇ ಕಳಿಸಿತ್ತು. ಈಶ್ವರ ಪಿಳ್ಳೆಯವರು ನಲವತ್ತೊಂಬತ್ತು ರೂಪಾಯಿಯನ್ನು ಹಬ್ಬದ ಸಂಭ್ರಮದಲ್ಲಿ ಕೋಡಿಗೆ ಹಾಕಿ, ಕೊಟ್ಟ ಹಣಕ್ಕೆ ತಲೆಯ ಮೇಲೆ ಕೂದಲು ಬರುತ್ತದೆಯೇ ಎಂದು ವಿಚಾರಿಸಿದರು. ರುದ್ರಪ್ಪ ಇದ್ದದ್ದು ಇದ್ದಂತೆ ಮಾತ್ರ ಎಂದ. ಅವರು ತಮ್ಮ ಮದುವೆಯ ಕಾಲದ ಚಿತ್ರವೊಂದನ್ನು ತಂದು, ಇದೂ ಇದ್ದದ್ದೇ ಎಂದು ವಾದಿಸಿದರು. ಅರ್ಧಕ್ಕೆ ರಾಜಿಯಾಯಿತು. ಹೀಗೆ ಚೌಕಾಸಿ ಮಾಡುತ್ತ ಮಾಡುತ್ತ ರುದ್ರಪ್ಪನಿಗೆ ಮಲಯಾಳದಲ್ಲಿ ಇಲ್ಲ, ಆಗುವುದಿಲ್ಲ, ನಾಳೆ ಬನ್ನಿ ಎಂಬ ಮಾತುಗಳೂ ಬಂದವು.

ಹಲಸಿನ ಮರ ತನ್ನ ಜಾಗಕ್ಕೆ ಬಂತು. ಬಸ್ ಸ್ಟಾಪು ಹೋಯಿತು. ಬಸ್ಸು ಮತ್ತೆ ತಿರುಗದಾಯಿತು. ವಿಚಿತ್ರವೆಂದರೆ, ಆಟವಾಡುವವರಿಗೆ ಅದೇ ಹಿಡಿಸಿತು. ಆ ಮೂಲೆಯಲ್ಲಿ ಬಸ್ಸು ತಿರುಗಿಸುವುದು ಒಂದು ಪಂದ್ಯವಾಗಿಬಿಟ್ಟಿತು. ಭಾನುವಾರವಿಡೀ ಕಮಲಾಕ್ಷಿಯಮ್ಮನವರ ಗೇಟಿನ ಎದುರು ಸಿಕ್ಕಿಕೊಂಡಿದ್ದೆ, ಬಹಳ ಸಂತೋಷವಾಯಿತು ಎಂದು ಎಡಪ್ಪಳ್ಳಿಯ ಒಬ್ಬರು ಬರೆದು, ಬೆಲೆಯ ಮೇಲೆ ಹತ್ತು ರೂಪಾಯಿ ಹೆಚ್ಚಿಗೆ ಕಳಿಸಿದರು. ಗೇಟಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಕಮಲಾಕ್ಷಿಯಮ್ಮ ಬಸ್ಸು ಮರಕ್ಕೆ ತಾಗಿದರೆ ಕೈ ಎತ್ತಿ ಗದರುವ ಹಾಗೆ ರುದ್ರಪ್ಪ ಮಾಡಿದ್ದ. ಗದರಿದ್ದು ಸಾಲದು ಎಂದು ಅವರು ಎರಡು ಸಲ ತಿದ್ದಿಸಿದರು.

ಕೆಲಸವೆಲ್ಲ ಮುಗಿದ ಸಂಜೆ ವಾಸಂತಿ ಚಹಾ ತಂದು, ಮೊದಲ ಬಾರಿಗೆ ಗಂಡನ ಪಕ್ಕ ಕುರ್ಚಿ ಎಳೆದು ಕೂತು ಓಣಿಯನ್ನು ನೋಡಿದಳು. ಟೀಚರ್ ಗೋಡೆಯ ಬಳಿ ಪಿಳ್ಳೆಯವರು ಅರ್ಧ ಕೂದಲಿನೊಂದಿಗೆ ನಿಂತಿದ್ದರು. ಯಾರದೋ ಬೆಕ್ಕು ಸಹ ಇತ್ತು. ಅವಳು ಬೆರಳನ್ನು ಮಹಡಿಯ ಕಿಟಕಿಯ ಮೇಲಿಟ್ಟಳು. ಅದು ಖಾಲಿ ಇತ್ತು.

ನಮ್ಮನ್ನು ಮಾಡುವುದು ಉಳಿದಿದೆ ಎಂದು ರುದ್ರಪ್ಪ ಒಪ್ಪಿಕೊಂಡ. ಈಗಲೇ ಮಾಡುತ್ತೇನೆ, ಕಿಟಕಿಯಲ್ಲಿ ಸ್ವಲ್ಪ ಹೊತ್ತು ನಿಲ್ಲು, ಚಿತ್ರ ತೆಗೆಯಬೇಕು ಎಂದ.

"ನಾ ಪುಕ್ಕಟೆ ನಿಲ್ಲಂಗಿಲ್ಲ," ಎಂದಳು ವಾಸಂತಿ.

ರುದ್ರಪ್ಪ ಅವಳ ಮುಖ ನೋಡಿದ. ತಮಾಷೆಯಲ್ಲ. ವಾದಿಸಲು ಬಾಯಿ ತೆರೆದವನು, ತಾನು ಪಾಳಯಂನ ವೇದಿಕೆಯ ಮೇಲೆ ಹೇಳಿದ್ದೆಲ್ಲ ನೆನಪಾಗಿ ಮುಚ್ಚಿದ.

"ಎಷ್ಟು?" ಎಂದು ಕೇಳಿದ.

ಅವಳು ಎದ್ದು ಕನ್ನಡಿಯ ಎದುರು ನಿಂತು, ಮುಡಿ ಬಿಚ್ಚಿ ಮತ್ತೆ ಕಟ್ಟಿದಳು. ಬೀರು ತೆರೆದು, ಬಣ್ಣ ಚೆನ್ನಾಗಿ ಬರುವ ಸೀರೆ ಯಾವುದೆಂದು ನಿಧಾನವಾಗಿ ಹುಡುಕಿದಳು. ದರ ಮಾತ್ರ ಹೇಳಲಿಲ್ಲ. ರುದ್ರಪ್ಪ ಮೊಬೈಲು ಹಿಡಿದು ಕಿಟಕಿಯ ಬಳಿ ಕಾದ.